ಮಕ್ಕಳು, ಮೊಬೈಲು, ಕಣ್ಣು: ಪದೇ ಪದೇ ಕೇಳೋ ಪ್ರಶ್ನೆಗಳು

ಮಕ್ಕಳ ಕಣ್ಣು ಪರೀಕ್ಷೆ ಮಾಡೋದು ನನ್ನ ದಿನಾ ಕೆಲಸ, ಮನೇಲಿ ನನಗೂ ಇಬ್ಬರು ಮಕ್ಕಳಿದಾರೆ, ಹಾಗಾಗಿ ಈ ಪ್ರಶ್ನೆಗಳು ಎರಡೂ ಕಡೆಯಿಂದ ಬರ್ತಾನೇ ಇರ್ತವೆ. ಪರೀಕ್ಷೆ ಮುಗಿಸಿ ಬಾಗಿಲವರೆಗೂ ಹೋಗಿ "ಅಂದಹಾಗೆ ಒಂದು ಕೇಳ್ಬೇಕಿತ್ತು" ಅಂತ ತಿರುಗೋರು ಕೇಳಿದ್ದು, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ ಕೇಳಿದ್ದು, ನೆಂಟರ ಮನೇಲಿ ಊಟದ ಮಧ್ಯೆ ಕೇಳಿದ್ದು ಎಲ್ಲಾನೂ ಅವರ ಮಾತಲ್ಲೇ ಇಟ್ಟು ಉತ್ತರ ಬರ್ದಿದೀನಿ. ಇದನ್ನ ಓದಿ ಪರೀಕ್ಷೆಗೆ ಕರ್ಕೊಂಡು ಹೋಗೋದು ಬಿಡ್ಬೇಡಿ ಮತ್ತೆ.

## ಶುರುವಿಂದ

ಮೊಬೈಲ್ ನೋಡಿ ನೋಡಿ ಮಗು ಕಣ್ಣು ಹಾಳಾಗುತ್ತಾ, ನಿಜ ಹೇಳಿ?

ಸ್ಕ್ರೀನ್ ಬೆಳಕು ಕಣ್ಣನ್ನ ಸುಡಲ್ಲ, ಅದು ಮೊದಲು ತಲೆಯಿಂದ ತೆಗೀರಿ. ಆಗೋದು ಎರಡು. ಒಂದು ತಾತ್ಕಾಲಿಕ, ಉರಿ, ಒಣಗೋದು, ಆಯಾಸ, ಬಿಟ್ರೆ ಹೋಗುತ್ತೆ. ಇನ್ನೊಂದು ಮೈನಸ್ ನಂಬರ್, ಅಂದ್ರೆ ಹತ್ರದ್ದು ಕಾಣುತ್ತೆ ದೂರದ್ದು ಮಸುಕು, ಇದು ಬಂದ್ರೆ ವಾಪಸ್ ಹೋಗಲ್ಲ.

ಹುಟ್ಟಿದ ಮಗು ಕಣ್ಣುಗುಡ್ಡೆ ಹಿಂದೆ ಮುಂದೆ ಅಳೆದ್ರೆ ಸುಮಾರು 17 ಮಿಲಿಮೀಟರ್ ಇರುತ್ತೆ, ದೊಡ್ಡೋರಾಗೋ ಹೊತ್ತಿಗೆ ಸುಮಾರು 24 ಆಗುತ್ತೆ. ಈ ಬೆಳವಣಿಗೆ ಎಲ್ಲಿ ನಿಲ್ಬೇಕು ಅಂತ ಕಣ್ಣು ತಾನು ನೋಡ್ತಿರೋದ್ರಿಂದಲೇ ಲೆಕ್ಕ ಹಾಕುತ್ತೆ, ದಿನವೆಲ್ಲಾ ಮೂಗಿನ ಹತ್ರದ್ದೇ ನೋಡ್ಕೊಂಡು ಆಚೆ ಬೆಳಕಿಗೇ ಹೋಗದ ಕಣ್ಣು ಲೆಕ್ಕ ತಪ್ಪಿ ಇನ್ನೊಂಚೂರು ಉದ್ದ ಬೆಳೀಬಹುದು. ಆ ಒಂಚೂರು ಅಂದ್ರೆ 1 ಮಿಲಿಮೀಟರ್ ಜಾಸ್ತಿ ಆದ್ರೂ ಹೆಚ್ಚುಕಮ್ಮಿ ಮೈನಸ್ 2.5ರಿಂದ 3 ನಂಬರ್. ಹಾಗಾಗಿ ನಾನು ಯಾವಾಗ್ಲೂ ಕೇಳೋದು ಮೂರೇ: ಎಷ್ಟು ಹತ್ರ ಹಿಡೀತಾನೆ, ಎಷ್ಟು ಹೊತ್ತು ಬಿಡದೆ ನೋಡ್ತಾನೆ, ಆಚೆ ಎಷ್ಟು ಹೊತ್ತು ಇರ್ತಾನೆ. ಯಾವ ಕಂಪನಿ ಫೋನು ಅಂತ ಕೇಳಲ್ಲ.

ದಿನಕ್ಕೆ ಎಷ್ಟು ಹೊತ್ತು ಕೊಡಬಹುದು, ಒಂದು ಲೆಕ್ಕ ಹೇಳಿಬಿಡಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷ ತುಂಬೋವರೆಗೂ ಬೇಡ, 2ರಿಂದ 4 ವರ್ಷದೋರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು. ತಮಾಷೆ ಏನಂದ್ರೆ ಈ ಲೆಕ್ಕ ಹಾಕಿದ್ದು ಕಣ್ಣಿಗೋಸ್ಕರ ಅಲ್ಲ, ಮಕ್ಕಳ ಓಡಾಟ ಮತ್ತೆ ನಿದ್ದೆಗೋಸ್ಕರ. ಅಜ್ಜಿ ತಾತನ ಜೊತೆ ವಿಡಿಯೋ ಕಾಲ್‌ನ ನಾನು ಈ ಲೆಕ್ಕಕ್ಕೆ ಸೇರಿಸಲ್ಲ. ಶಾಲೆಗೆ ಹೋಗೋ ಮಕ್ಕಳಿಗೆ ಪಾಠಕ್ಕೂ ಸ್ಕ್ರೀನ್ ಬೇಕಾಗುತ್ತೆ, ಒಂದೇ ನಂಬರ್ ಎಲ್ಲರಿಗೂ ಹೇಳೋಕಾಗಲ್ಲ. ಅವರಿಗೆ ಇಷ್ಟು ನೋಡಿ: ನಿದ್ದೆ, ಆಟ, ಓದು ಮೂರೂ ತಿಂದುಹೋಗ್ದೆ ಉಳಿದಿದ್ಯಾ, ಒಂದೇ ಸಲಕ್ಕೆ ಅರ್ಧ ಗಂಟೆ ದಾಟದೆ ಎದ್ದು ಓಡಾಡ್ತಾರಾ.

ಟಿವಿ, ಲ್ಯಾಪ್‌ಟಾಪ್, ಟ್ಯಾಬ್, ಮೊಬೈಲ್, ಯಾವುದು ಕಮ್ಮಿ ಕೆಟ್ಟದ್ದು?

ದೂರ ಇರೋದು. ಕಣ್ಣು ಹತ್ರದ್ದನ್ನ ಫೋಕಸ್ ಮಾಡೋಕೆ ಎಷ್ಟು ತ್ರಾಸ ಪಡುತ್ತೆ ಅನ್ನೋದಕ್ಕೆ ಸುಲಭ ಲೆಕ್ಕ ಇದೆ, 100ನ್ನ ಸೆಂಟಿಮೀಟರ್ ದೂರದಿಂದ ಭಾಗಿಸಿ. ಮೊಬೈಲು ಮಕ್ಕಳು ಹಿಡಿಯೋ ಹಾಗೆ 20 ಸೆಂಟಿಮೀಟರಲ್ಲಿ ಇದ್ರೆ 5 ಬಂತು, ಲ್ಯಾಪ್‌ಟಾಪ್ 50ರಲ್ಲಿ ಇದ್ರೆ 2, ಟಿವಿ ಎರಡೂವರೆ ಮೀಟರ್ ಆಚೆ ಇದ್ರೆ 0.4. ಅದೇ ಕಾರ್ಟೂನ್, ಅದೇ ಅರ್ಧ ಗಂಟೆ, ಆದ್ರೆ ಕಣ್ಣಿಗೆ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ನೋಡ್ಲೇಬೇಕು ಅಂದ್ರೆ ಫೋನಿಂದ ಟಿವಿಗೆ ಹಾಕ್ಕೊಡಿ, ಎಷ್ಟೋ ಜನಕ್ಕೆ ಇದೊಂದೇ ಹೇಳಿ ಕಳಿಸ್ತೀನಿ. ಇನ್ನೊಂದು ಲಾಭಾನೂ ಇದೆ, ಹಾಲಲ್ಲಿ ಟಿವಿಗೆ ಹಾಕಿದ್ರೆ ಏನ್ ನೋಡ್ತಿದಾನೆ ಅಂತ ನಿಮಗೂ ಗೊತ್ತಾಗುತ್ತೆ.

ಟಿವಿ ಹತ್ರ ಹೋಗಿ ನಿಂತ್ಕೋತಾಳೆ, ಅದಕ್ಕೇ ಸೈಟ್ ಬಂತಾ?

ಬಹಳ ಸಲ ಉಲ್ಟಾ. ಸೈಟ್ ಇದೆ ಅಂತ ಹತ್ರ ಹೋಗ್ತಾಳೆ. ಬೈಬೇಡಿ, ಪರೀಕ್ಷೆ ಮಾಡಿಸಿ.

ಮೊಬೈಲ್ ಬೇಡ, ಪುಸ್ತಕ ಎಷ್ಟು ಹೊತ್ತು ಓದಿದ್ರೂ ಪರವಾಗಿಲ್ಲ ಅಲ್ವಾ?

ಕಣ್ಣುಗುಡ್ಡೆಗೆ ಅದು ಪುಸ್ತಕಾನೋ ಫೋನೋ ಗೊತ್ತಾಗಲ್ಲ. ಫೋನ್ ಹುಟ್ಟೋಕೆ ಮುಂಚೆನೂ ಓದೋ ಮಕ್ಕಳಿಗೆ ಕನ್ನಡಕ ಬರ್ತಿತ್ತಲ್ಲ. ಸಿಡ್ನಿಯ ಶಾಲಾ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಮೈನಸ್ ನಂಬರ್ ಜೊತೆ ಕಂಡುಬಂದಿದ್ದು 30 ಸೆಂಟಿಮೀಟರಿಗಿಂತ ಹತ್ರ ಹಿಡಿದು ಓದೋದು ಮತ್ತೆ 30 ನಿಮಿಷ ಮೀರಿ ಬಿಡದೆ ಓದೋದು. ಆದ್ರೂ ಪುಸ್ತಕ ಸ್ವಲ್ಪ ವಾಸಿ, ಪುಟ ತಿರುಗಿಸುವಾಗ ತಲೆ ಎತ್ತುತ್ತಾರೆ, ಸಾಕಾದ್ರೆ ಮುಚ್ಚಿಡ್ತಾರೆ. ಫೋನಲ್ಲಿ ಒಂದು ವಿಡಿಯೋ ಮುಗಿಯೋ ಮುಂಚೆ ಇನ್ನೊಂದು ತಾನೇ ಶುರುವಾಗುತ್ತೆ, ಸಾಕು ಅನ್ನೋ ಜಾಗಾನೇ ಇಲ್ಲ ಅದ್ರಲ್ಲಿ.

ದೂರ ಗೊತ್ತಾಗ್ಬೇಕಂದ್ರೆ ಮಗು ಕೈ ಮುಷ್ಟಿ ಕಟ್ಟಿ ಗಲ್ಲದ ಕೆಳಗಿಟ್ಕೊಂಡು ಮೊಣಕೈನ ಪುಸ್ತಕದ ಮೇಲೆ ಊರಲಿ, ಅಷ್ಟು ದೂರ ಕನಿಷ್ಠ ಇರ್ಬೇಕು. ಮಲಗಿಕೊಂಡು ನೋಡಿದ್ರೆ ಇದು ಯಾವತ್ತೂ ಇರಲ್ಲ, ನೋಡ್ತಾ ನೋಡ್ತಾ ಫೋನ್ ಮೂಗಿಗೆ ಬಂದಿರುತ್ತೆ.

ಕತ್ತಲಲ್ಲಿ ನೋಡಿದ್ರೆ ಕಣ್ಣು ಹೋಗುತ್ತೆ ಅಂತಾರೆ

ಹೋಗಲ್ಲ. ಆಯಾಸ ಆಗುತ್ತೆ, ನಿದ್ದೆ ಕೆಡುತ್ತೆ, ಅಷ್ಟೇ ಸಾಕು ದೀಪ ಹಾಕೋಕೆ.

## ಮಗು ಕಣ್ಣು ಏನೋ ಹೇಳ್ತಿದೆ

ಒಂದು ವಾರದಿಂದ ಪಿಳಿಪಿಳಿ ಅಂತ ಕಣ್ಣು ಹೊಡೀತಾನೆ, ಫೋನಿಂದಾನಾ?

ಇರಬಹುದು. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದ ಆಸುಪಾಸು ರೆಪ್ಪೆ ಬಡೀತೀವಿ, ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತೆ, ಕಣ್ಣೀರಿನ ಪದರ ಒಣಗಿ ಕಿರಿಕಿರಿ ಆಗುತ್ತೆ, ಆಮೇಲೆ ಜೋರಾಗಿ ಬಡೀತಾರೆ. ಆದ್ರೆ ಅಲರ್ಜಿ, ನಂಬರ್, ಸುಮ್ನೆ ಅಭ್ಯಾಸದ ಟಿಕ್ (ಬೇಕಂತ ಅಲ್ಲದೆ ತಾನಾಗೇ ಪದೇ ಪದೇ ಆಗೋದು) ಕೂಡ ಹೀಗೇ ಕಾಣುತ್ತೆ. ತುರಿಸ್ಕೊಳ್ತಾನಾ ನೋಡಿ, ತುರಿಸ್ಕೊಂಡ್ರೆ ಅಲರ್ಜಿ ಕಡೆ ಅನುಮಾನ, ಅದಕ್ಕೆ ಔಷಧಿ ಮಾಡಿಸ್ಲೇಬೇಕು ಯಾಕಂದ್ರೆ ವರ್ಷಗಟ್ಟಲೆ ಕಣ್ಣು ಉಜ್ಜೋ ಮಕ್ಕಳಲ್ಲಿ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ತೆಳುವಾಗಿ ಮುಂದಕ್ಕೆ ಚೂಪಾಗೋ ಕೆರಟೋಕೋನಸ್ ಬರೋ ಭಯ ಜಾಸ್ತಿ. ಟಿಕ್ ಆದ್ರೆ "ಹಾಗೆ ಮಾಡ್ಬೇಡ" ಅಂತ ಪದೇ ಪದೇ ಹೇಳಿದಷ್ಟೂ ಜಾಸ್ತಿ ಆಗುತ್ತೆ, ನೋಡದ ಹಾಗೆ ಇದ್ಬಿಡಿ, ಎಷ್ಟೋ ಸಲ ತಾನೇ ಹೋಗುತ್ತೆ.

20-20-20 ಅಂತಾರಲ್ಲ, ಅದು ಕೆಲಸ ಮಾಡುತ್ತಾ?

20 ನಿಮಿಷಕ್ಕೊಂದ್ಸಲ, 20 ಅಡಿ ಆಚೆ, 20 ಸೆಕೆಂಡ್ ನೋಡೋದು. ಆಯಾಸಕ್ಕೆ ಒಳ್ಳೇದು, 20 ಅಡಿ ಅಂದ್ರೆ ಸುಮಾರು 6 ಮೀಟರ್, ಅಷ್ಟು ದೂರ ನೋಡಿದಾಗ ಫೋಕಸ್ ಮಾಡೋ ಮಾಂಸಖಂಡ ಸಡಿಲ ಬಿಡುತ್ತೆ. ನಂಬರ್ ಬರೋದನ್ನ ಇದೊಂದೇ ತಡೆಯುತ್ತೆ ಅಂತ ನಂಬಿ ಕೂರ್ಬೇಡಿ. ಮತ್ತೆ ಆರು ವರ್ಷದ ಮಗು 20 ಸೆಕೆಂಡ್ ಎಣಿಸುತ್ತೆ ಅಂತ ಯಾರಂದ್ರು, ಅವರನ್ನ ಬೇರೆ ರೂಮಿಂದ ಏನಾದ್ರೂ ತಗೊಂಬಾ ಅಂತ ಕಳಿಸಿ, ಅದೇ ಬ್ರೇಕ್.

ಮಗು ಚೆನ್ನಾಗೇ ಕಾಣುತ್ತೆ ಅಂತಾಳೆ, ಆದ್ರೂ ಪರೀಕ್ಷೆ ಬೇಕಾ?

ಬೇಕು. ಮಸುಕು ಕಾಣೋ ಮಗುಗೆ ಅದು ಮಸುಕು ಅಂತ ಹೇಗೆ ಗೊತ್ತಾಗ್ಬೇಕು, ಪ್ರಪಂಚ ಇರೋದೇ ಹೀಗೆ ಅಂದ್ಕೊಂಡಿರುತ್ತೆ. ದಿನಾ ನೂರು ಮಕ್ಕಳ ಕಣ್ಣು ನೋಡೋ ನಾನು ನನ್ನ ಮಗಳ ನಂಬರನ್ನ ಆರು ತಿಂಗಳು ತಡವಾಗಿ ಹಿಡಿದೆ, ಕ್ಲಾಸಲ್ಲಿ ಪಕ್ಕದೋಳ ನೋಟ್ಸ್ ನೋಡಿ ಬರ್ಕೊಳ್ತಿದ್ಲಂತೆ, ನಾನು ಮಾತು ಜಾಸ್ತಿ ಆಡ್ತಾಳೆ ಅಂತ ಬೈತಿದ್ದೆ.

ಇನ್ನೂ ಮೋಸದ್ದು ಒಂದೇ ಕಣ್ಣಿನ ತೊಂದರೆ. ಒಂದು ಕಣ್ಣು ಚೆನ್ನಾಗಿದ್ರೆ ಮಗು ಅದ್ರಲ್ಲೇ ಎಲ್ಲಾ ನಿಭಾಯಿಸ್ಕೊಂಡು ಹೋಗುತ್ತೆ, ಇನ್ನೊಂದು ಕಣ್ಣಿಂದ ಬರೋ ಚಿತ್ರವನ್ನ ಮೆದುಳು ನಿಧಾನಕ್ಕೆ ಕಡೆಗಣಿಸೋಕೆ ಶುರು ಮಾಡುತ್ತೆ. ಇದೇ ಸೋಮಾರಿ ಕಣ್ಣು, ಲೇಜಿ ಐ. ಏಳು ವರ್ಷದ ಒಳಗೆ ಸಿಕ್ರೆ ಕನ್ನಡಕ, ಒಳ್ಳೆ ಕಣ್ಣಿಗೆ ಪ್ಯಾಚ್ ಹಾಕಿ ಚೆನ್ನಾಗಿ ಸರಿಮಾಡಬಹುದು, ತಡವಾದಷ್ಟೂ ಕಷ್ಟ. ಮನೇಲೇ ಆಟದ ಹಾಗೆ ಒಂದೊಂದು ಕಣ್ಣು ಮುಚ್ಚಿ ದೂರದ್ದು ತೋರಿಸಿ, ಒಂದು ಕಡೆ ಮುಚ್ಚಿದಾಗ ಮಾತ್ರ ಅಳ್ತಾ ಕೈ ತಳ್ಳಿದ್ರೆ ಅನುಮಾನ ಪಡಿ. ಪರೀಕ್ಷೆ ಮೂರು ವರ್ಷದ ಹೊತ್ತಿಗೆ ಒಂದು, ಶಾಲೆ ಸೇರೋ ಮುಂಚೆ ಒಂದು, ಆಮೇಲೆ ವರ್ಷಕ್ಕೊಂದು ಅಂತ ನಾನು ಹೇಳ್ತೀನಿ. ಅಕ್ಷರ ಬರದಿದ್ರೂ ಪರೀಕ್ಷೆ ಆಗುತ್ತೆ, ಚಿತ್ರ ತೋರಿಸಿ ಮಾಡ್ತೀವಿ.

ಯಾವುದಕ್ಕೆ ಕಾಯದೆ ಓಡ್ಬೇಕು?

ಫ್ಲ್ಯಾಷ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಕೆಂಪಾಗಿ ಬರದೆ ಬೆಳ್ಳಗೆ ಬಂದ್ರೆ. ಎಷ್ಟೋ ಸಲ ಫೋಟೋ ಕೋನದಿಂದ ಹಾಗೆ ಬರುತ್ತೆ, ಆದ್ರೆ ಕಣ್ಣಿನ ಪೊರೆ ಇರಬಹುದು, ರೆಟಿನಾದ (ಕಣ್ಣಿನ ಹಿಂದೆ ಬೆಳಕು ಹಿಡಿಯೋ ಪದರ) ಕ್ಯಾನ್ಸರ್ ಕೂಡ ಮೊದಲು ಕಾಣಿಸ್ಕೊಳ್ಳೋದು ಹೀಗೇನೆ, ಅದಕ್ಕೇ ಅದೇ ವಾರ ತೋರಿಸಿ. ಇದ್ದಕ್ಕಿದ್ದ ಹಾಗೆ ಮೆಳ್ಳೆಗಣ್ಣು ಆದ್ರೆ, ಎರಡೆರಡು ಕಾಣುತ್ತೆ ಅಂದ್ರೆ ಕೂಡ. ದಕ್ಷಿಣ ಕೊರಿಯಾದ ವೈದ್ಯರು 2016ರಲ್ಲಿ ಇಂಥ ಹುಡುಗರ ಬಗ್ಗೆ ಬರೆದಿದ್ರು, ತಿಂಗಳುಗಟ್ಟಲೆ ದಿನಕ್ಕೆ 4 ಗಂಟೆಗೂ ಮೀರಿ ಫೋನನ್ನ ಮುಖದ ಹತ್ರ ಹಿಡಿದು ನೋಡ್ತಿದ್ದೋರಿಗೆ ಕಣ್ಣು ಒಳಕ್ಕೆ ತಿರುಗಿತ್ತು, ಫೋನ್ ಬಿಟ್ಮೇಲೆ ಆ ತಿರುವು ಕಮ್ಮಿ ಆಯ್ತು. ಹಾಗಂತ ಎಲ್ಲಾ ಮೆಳ್ಳೆಗಣ್ಣೂ ಫೋನಿಂದ ಅಂತ ಮನೇಲೇ ತೀರ್ಮಾನ ಮಾಡಿ ಕೂರ್ಬೇಡಿ, ನರದ ತೊಂದರೆ ಇಲ್ಲ ಅಂತ ವೈದ್ಯರು ಹೇಳ್ಬೇಕು.

ಕಣ್ಣಿಗೆ ಡ್ರಾಪ್ಸ್ ಹಾಕಿ ಗಂಟೆಗಟ್ಟಲೆ ಕೂರಿಸ್ತಾರೆ, ಮಷಿನಲ್ಲೇ ನೋಡಿ ಹೇಳಬಾರದಾ?

ಮಕ್ಕಳ ಫೋಕಸ್ ಶಕ್ತಿ ವಿಪರೀತ, ಮಷಿನ್ ಒಳಗೆ ನೋಡುವಾಗಲೂ ಫೋಕಸ್ ಎಳ್ಕೊಂಡು ಇಲ್ಲದ ಮೈನಸ್ ತೋರಿಸ್ತಾರೆ, ಇರೋ ಪ್ಲಸ್ (ಮೈನಸ್ಸಿಗೆ ಉಲ್ಟಾ, ಹತ್ರದ್ದು ನೋಡೋಕೆ ಹೆಚ್ಚು ತ್ರಾಸ ಆಗೋ ನಂಬರ್) ಮುಚ್ಚಿಡ್ತಾರೆ. ಡ್ರಾಪ್ಸ್ ಆ ಮಾಂಸಖಂಡನ ಸ್ವಲ್ಪ ಹೊತ್ತು ಮಲಗಿಸುತ್ತೆ, ಆಗ ನಿಜವಾದ ನಂಬರ್ ಸಿಗುತ್ತೆ. ಒಂದು ದಿನ ಹತ್ರದ್ದು ಮಂಜಾಗುತ್ತೆ, ಬಿಸಿಲು ಚುಚ್ಚುತ್ತೆ, ಕೆಲವು ಡ್ರಾಪ್ಸ್‌ದು ಇನ್ನೂ ಕೆಲವು ದಿನ ಇರುತ್ತೆ, ಮೊದಲೇ ಕೇಳ್ಕೊಂಡು ಶಾಲೆ ಪರೀಕ್ಷೆಗಳ ಸಮಯ ಬಿಟ್ಟು ಬನ್ನಿ. ಮಗುಗೆ ಮೊದಲ ಸಲ ಕನ್ನಡಕ ಕೊಡುವಾಗ ಡ್ರಾಪ್ಸ್ ಹಾಕದೆ ಕೊಟ್ರೆ ನಾನಾದ್ರೆ ಇನ್ನೊಂದ್ಸಲ ಮಾಡಿಸ್ತೀನಿ.

## ಏನ್ ಮಾಡಿದ್ರೆ ಉಪಯೋಗ, ಏನ್ ಮಾಡಿದ್ರೆ ಇಲ್ಲ

ಆಚೆ ಆಡೋಕೆ ಬಿಡಿ ಅಂತೀರಲ್ಲ, ಅದಕ್ಕೂ ಕಣ್ಣಿಗೂ ಏನ್ ಸಂಬಂಧ?

ಇಡೀ ವಿಷಯದಲ್ಲಿ ನನಗೆ ಗಟ್ಟಿಯಾಗಿ ಹೇಳೋಕೆ ಧೈರ್ಯ ಇರೋದು ಇದೊಂದಕ್ಕೇ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ. ಮನೆ ಒಳಗಿನ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಬೆಳಕು ಅಳೆಯೋ ಲೆಕ್ಕ). ಆಚೆ ಹಗಲಲ್ಲಿ 10,000ಕ್ಕೂ ಮೇಲೆ, ಮರದ ನೆರಳಲ್ಲಿ ಕೂತ್ರೂ ಸಾವಿರಗಳ ಲೆಕ್ಕ. ನಮ್ಮ ಕಣ್ಣು ಹೊಂದ್ಕೊಂಡುಬಿಡೋದ್ರಿಂದ ಈ ವ್ಯತ್ಯಾಸ ನಮಗೆ ಅನ್ಸಲ್ಲ, ಆದ್ರೆ ರೆಟಿನಾಗೆ ಗೊತ್ತಾಗುತ್ತೆ. ಜೋರು ಬೆಳಕಿಗೆ ರೆಟಿನಾ ಡೋಪಮೈನ್ ಅನ್ನೋ ರಾಸಾಯನಿಕ ಬಿಡುತ್ತೆ, ಅದು ಕಣ್ಣುಗುಡ್ಡೆ ಉದ್ದ ಬೆಳೆಯೋದಕ್ಕೆ ಬ್ರೇಕ್ ಹಾಕುತ್ತೆ ಅನ್ನೋದು ಈಗ ಹೆಚ್ಚು ಜನ ಒಪ್ಪೋ ವಿವರಣೆ.

ಚೀನಾದ ಗುವಾಂಗ್‌ಜೌನಲ್ಲಿ ಒಂದನೇ ಕ್ಲಾಸಿನ ಮಕ್ಕಳ ಮೇಲೆ ಮೂರು ವರ್ಷ ನೋಡಿದ್ರು, ಕೆಲವು ಶಾಲೇಲಿ ದಿನಾ 40 ನಿಮಿಷ ಆಚೆ ಇರೋ ಪೀರಿಯಡ್ ಜಾಸ್ತಿ ಕೊಟ್ರು, ಉಳಿದ ಶಾಲೇಲಿ ಇಲ್ಲ. 2015ರಲ್ಲಿ ಫಲಿತಾಂಶ ಬಂತು, ಆಚೆ ಬಿಟ್ಟ ಶಾಲೆಗಳಲ್ಲಿ ಹೊಸದಾಗಿ ಮೈನಸ್ ಬಂದಿದ್ದು ಶೇ 30.4, ಬಿಡದ ಕಡೆ ಶೇ 39.5. ತೈವಾನ್ 2010ರಿಂದ ಶಾಲಾ ಮಕ್ಕಳನ್ನ ದಿನಕ್ಕೆ 120 ನಿಮಿಷ ಆಚೆ ಇರಿಸೋ ಕಾರ್ಯಕ್ರಮ ನಡೆಸ್ತು, ಏರ್ತಾನೇ ಇದ್ದ ದೃಷ್ಟಿದೋಷದ ಗೆರೆ ಅಲ್ಲಿಂದ ಕೆಳಗೆ ತಿರುಗ್ತು. ಉಲ್ಟಾ ಸಾಕ್ಷಿನೂ ಇದೆ, 2020ರಲ್ಲಿ ಎಲ್ಲರೂ ಮನೇಲಿ ಕೂತಿದ್ಮೇಲೆ ಚೀನಾದ ಶಾಂಡಾಂಗ್ ಪ್ರಾಂತ್ಯದಲ್ಲಿ ಪರೀಕ್ಷೆ ಮಾಡಿದಾಗ 6ರಿಂದ 8 ವರ್ಷದ ಮಕ್ಕಳ ನಂಬರ್ ಸರಾಸರಿ 0.3ರಷ್ಟು ಮೈನಸ್ ಕಡೆ ಜಾರಿತ್ತು, ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಅಷ್ಟಿಲ್ಲ. ಚಿಕ್ಕ ಕಣ್ಣೇ ಹೆಚ್ಚು ಹುಷಾರಾಗಿ ನೋಡ್ಬೇಕಾಗಿರೋದು.

ಹಾಗಾಗಿ ದಿನಕ್ಕೆ ಎರಡು ಗಂಟೆ ಆಚೆ. ಒಟ್ಟಿಗೇ ಆಗ್ಬೇಕಿಲ್ಲ, ಶಾಲೆಗೆ ನಡ್ಕೊಂಡು ಹೋಗೋದೂ ಸೇರುತ್ತೆ. ಓಡ್ಲೇಬೇಕು ಅಂತಿಲ್ಲ, ಟೋಪಿ ಹಾಕಿದ್ರೂ ನಡೆಯುತ್ತೆ, ಸೂರ್ಯನ್ನ ದಿಟ್ಟಿಸಿ ನೋಡ್ಬಾರ್ದು ಅಷ್ಟೆ. ಒಳಾಂಗಣ ಕ್ರೀಡಾಂಗಣದಲ್ಲಿ ಆಡೋದು ಮೈಗೆ ಒಳ್ಳೇದು, ಕಣ್ಣಿನ ಈ ಲೆಕ್ಕಕ್ಕೆ ಬರಲ್ಲ. ಮತ್ತೆ ಆಚೆ ಬೆಂಚ್ ಮೇಲೆ ಕೂತು ಫೋನ್ ನೋಡಿದ್ರೆ ಆಗಲ್ವಾ ಅಂತ ಒಬ್ಬ ಹುಡುಗ ನನ್ನನ್ನ ಕೇಳ್ದ, ವಕೀಲ ಆಗ್ತಾನೆ ಅವನು.

ಬ್ಲೂ ಲೈಟ್ ಕನ್ನಡಕ ತಗೊಳ್ಳೋಣ್ವಾ?

ದುಡ್ಡು ಉಳಿಸ್ಕೊಳ್ಳಿ. ಸ್ಕ್ರೀನಿಂದ ಬರೋ ನೀಲಿ ಬೆಳಕು ಆಕಾಶದಿಂದ ಬರೋದ್ರ ಮುಂದೆ ಏನೂ ಅಲ್ಲ. 2023ರಲ್ಲಿ ಕಾಕ್ರೇನ್ ಅನ್ನೋ, ವೈದ್ಯಕೀಯ ಸಂಶೋಧನೆಗಳನ್ನ ಒರೆಗೆ ಹಚ್ಚೋ ಸಂಸ್ಥೆಯೋರು ಇದ್ದಬದ್ದ ಪ್ರಯೋಗಗಳನ್ನೆಲ್ಲಾ ಒಟ್ಟು ಹಾಕಿ ನೋಡಿದಾಗ ಮಾಮೂಲಿ ಗ್ಲಾಸಿಗಿಂತ ಕಣ್ಣಿನ ಆಯಾಸ ಕಮ್ಮಿ ಆಗಿದ್ದೇನೂ ಕಾಣಲಿಲ್ಲ. ಅವು ಬಹುಪಾಲು ದೊಡ್ಡೋರ ಮೇಲಿನ ಪ್ರಯೋಗ ಅನ್ನೋದೂ ನಿಜ, ಆದ್ರೂ ಮಕ್ಕಳಿಗೆ ಕೊಡಿಸೋಕೆ ಅದು ಕಾರಣ ಆಗಲ್ಲ.

ಹಾಗಾದ್ರೆ ರಾತ್ರಿ ನೋಡಿದ್ರೆ ನಿದ್ದೆ ಬರಲ್ಲ ಅನ್ನೋದು?

ಅದು ನಿಜ. ರಾತ್ರಿ ಬೆಳಕು ಬಿದ್ರೆ ನಿದ್ದೆಗೆ ಬೇಕಾದ ಮೆಲಟೋನಿನ್ ತಡವಾಗುತ್ತೆ, ಮಕ್ಕಳಿಗೆ ನಮಗಿಂತ ಜಾಸ್ತಿ. ಬೆಳಕಿಗಿಂತ ದೊಡ್ಡ ಕಳ್ಳ ಅಂದ್ರೆ ಆಟದ ರೋಮಾಂಚನ, ಲೆವೆಲ್ ಮುಗಿಸೋಕೆ ಹೋಗಿ ಹತ್ತು ಗಂಟೆ ಹನ್ನೊಂದಾಗುತ್ತೆ. ಮಲಗೋ ಒಂದು ಗಂಟೆ ಮುಂಚೆ ಫೋನು ರೂಮಿಂದ ಆಚೆ, ಚಾರ್ಜರೂ ಆಚೆ. ನಿಮ್ಮದೂ.

ಕ್ಯಾರೆಟ್, ಕಣ್ಣಿನ ವ್ಯಾಯಾಮ ಇದ್ರಿಂದ ನಂಬರ್ ಇಳಿಯುತ್ತಾ?

ವಿಟಮಿನ್ ಎ ಕಮ್ಮಿ ಆದ್ರೆ ಇರುಳುಗಣ್ಣು ಬರುತ್ತೆ, ಅದಕ್ಕೆ ಬೇಕು. ಸರಿಯಾಗಿ ತಿನ್ನೋ ಮಗುಗೆ ಇನ್ನಷ್ಟು ಕೊಟ್ರೆ ನಂಬರ್ ಇಳಿಯಲ್ಲ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಗುಟ್ಟು ಮುಚ್ಚಿಡೋಕೆ ನಮ್ಮ ಪೈಲಟ್‌ಗಳು ಕ್ಯಾರೆಟ್ ತಿಂದು ಕತ್ತಲಲ್ಲಿ ಶತ್ರು ವಿಮಾನ ನೋಡ್ತಾರೆ ಅಂತ ಬ್ರಿಟನ್ ಸುದ್ದಿ ಹಬ್ಬಿಸಿತ್ತು, ಆ ಕಥೆ ಇನ್ನೂ ಬದುಕಿದೆ. ವ್ಯಾಯಾಮನೂ ಅಷ್ಟೇ, ಉದ್ದ ಬೆಳೆದ ಗುಡ್ಡೆ ಕಣ್ಣು ತಿರುಗಿಸಿದ್ರೆ ಗಿಡ್ಡ ಆಗಲ್ಲ. ಎರಡೂ ಕಣ್ಣು ಹತ್ರಕ್ಕೆ ಜೋಡಿಸೋಕೆ ಕಷ್ಟಪಡೋ ಕೆಲವು ಮಕ್ಕಳಿಗೆ ವೈದ್ಯರು ಹೇಳ್ಕೊಡೋ ವ್ಯಾಯಾಮ ಬೇರೆ, ಅದು ಕೆಲಸ ಮಾಡುತ್ತೆ.

ಕಿತ್ಕೊಂಡ್ರೆ ರಂಪ ಮಾಡ್ತಾನೆ, ಮನೆಯೆಲ್ಲಾ ರಣರಂಗ

ಕಿತ್ಕೊಳ್ಳೋದೇ ತಪ್ಪು ಜಾಗ. ಆಟದ ಮಧ್ಯೆ ಕಿತ್ಕೊಂಡ್ರೆ ನಾನೂ ಕಿರುಚ್ತೀನಿ. ಕೊಡೋ ಮುಂಚೆನೇ ಎಲ್ಲಿ ನಿಲ್ಲುತ್ತೆ ಅಂತ ಹೇಳಿ, ಹತ್ತು ನಿಮಿಷ ಅನ್ಬೇಡಿ ಎರಡು ಎಪಿಸೋಡ್ ಅನ್ನಿ, ತಾನೇ ಮುಂದಿನದು ಶುರುವಾಗೋ ಆಟೋಪ್ಲೇ ಆಫ್ ಮಾಡಿ. ಮುಗಿದ ಮೇಲೆ ಏನು ಅನ್ನೋದೂ ಮೊದಲೇ ಗೊತ್ತಿರ್ಲಿ, ಖಾಲಿ ಕೂತ್ರೆ ಕೈ ಮತ್ತೆ ಫೋನಿಗೇ ಹೋಗುತ್ತೆ. ಊಟ ಮಾಡಿಸೋಕೆ ಫೋನ್ ಕೊಡೋ ಅಭ್ಯಾಸ ಇದ್ರೆ ಅದನ್ನ ಮೊದಲು ಬಿಡಿಸಿ, ಅದೊಂದು ಹೋದ್ರೆ ದಿನಕ್ಕೆ ಗಂಟೆಗೂ ಮೀರಿ ಕಮ್ಮಿ ಆಗೋ ಮನೆಗಳಿವೆ. ಮೊದಲ ಮೂರ್ನಾಲ್ಕು ದಿನ ಗಲಾಟೆ ಆಗುತ್ತೆ, ಆ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ಸೋತು ಕೊಟ್ರೂ ಅತ್ತರೆ ಸಿಗುತ್ತೆ ಅಂತ ಪಾಠ ಕಲಿಸಿದ ಹಾಗೆ. ಇನ್ನು ಅಪ್ಪ ಅಮ್ಮ ಫೋನ್ ಹಿಡ್ಕೊಂಡೇ "ಫೋನ್ ಇಡು" ಅಂದ್ರೆ ಯಾವ ಮಗು ಇಡುತ್ತೆ, ನನ್ನ ಮಗ ನನಗೇ ಟೈಮರ್ ಇಟ್ಟಿದ್ದ ಒಂದ್ಸಲ.

## ನಂಬರ್ ಬಂದಾಯ್ತು, ಮುಂದೇನು

ಕನ್ನಡಕ ಹಾಕಿದ್ರೆ ನಂಬರ್ ಇನ್ನೂ ಏರುತ್ತಂತೆ, ಕಮ್ಮಿ ನಂಬರ್ ಕೊಡಿ ಅಂತ ಕೇಳ್ಲಾ?

ಬೇಡ. ಏರೋದು ಮಗು ಬೆಳೀತಿರೋದ್ರಿಂದ, ಕನ್ನಡಕದಿಂದಲ್ಲ. ಬೇಕಂತಲೇ ಕಮ್ಮಿ ಕೊಟ್ಟು ನೋಡಿದ ಪ್ರಯೋಗ ಮಲೇಷ್ಯಾದಲ್ಲಿ ಆಗಿದೆ, 2002ರಲ್ಲಿ ಪ್ರಕಟ ಆಯ್ತು, ಕಮ್ಮಿ ಕೊಟ್ಟ ಮಕ್ಕಳ ನಂಬರೇ ಬೇಗ ಏರಿತ್ತು.

ನಮ್ಮಿಬ್ಬರಿಗೂ ದಪ್ಪ ಕನ್ನಡಕ, ಮಗುಗೂ ಬಂದೇ ಬರುತ್ತಾ?

ಬಂದೇ ಬರುತ್ತೆ ಅಂತಿಲ್ಲ, ಸಾಧ್ಯತೆ ಜಾಸ್ತಿ. ಆರು ವರ್ಷದ ಮಗುಗೆ ಸ್ವಲ್ಪ ಪ್ಲಸ್ ಇರ್ಬೇಕು, ಅದು ಬೆಳೆಯೋ ಕಣ್ಣಿನ ಉಳಿತಾಯ ಖಾತೆ ಇದ್ದ ಹಾಗೆ. ಆ ವಯಸ್ಸಿಗೇ ಪ್ಲಸ್ 0.75ಕ್ಕಿಂತ ಕಮ್ಮಿ ಇದ್ರೆ ಮುಂದೆ ಮೈನಸ್ ಬರೋ ಲಕ್ಷಣ. ಹಾಗಾಗಿ "ನಂಬರ್ ಏನೂ ಇಲ್ಲ, ಸೊನ್ನೆ" ಅಂತ ಆರು ವರ್ಷಕ್ಕೆ ಹೇಳಿದ್ರೆ ಖುಷಿಪಟ್ಟು ಮರೀಬೇಡಿ, ಆಚೆ ಆಟ ಜಾಸ್ತಿ ಮಾಡಿ, ಆರು ತಿಂಗಳಿಗೆ ಮತ್ತೆ ತೋರಿಸಿ.

ವರ್ಷ ವರ್ಷ ಏರ್ತಾನೇ ಇದೆ, ತಡೆಯೋಕೆ ಏನಾದ್ರೂ ಇದ್ಯಾ?

ಪೂರ್ತಿ ನಿಲ್ಲಿಸೋದು ಇಲ್ಲ, ನಿಧಾನ ಮಾಡೋದು ಇದೆ. ಒಂದು, ತೀರಾ ಕಮ್ಮಿ ಶಕ್ತಿಯ ಅಟ್ರೊಪಿನ್ ಡ್ರಾಪ್ಸ್, ರಾತ್ರಿ ಒಂದು ಹನಿ, ಹಾಂಗ್‌ಕಾಂಗಲ್ಲಿ ಶೇ 0.01, 0.025, 0.05 ಮೂರನ್ನೂ ಹೋಲಿಸಿದಾಗ 0.05 ಜಾಸ್ತಿ ಕೆಲಸ ಮಾಡ್ತು. ಕೆಲವರಿಗೆ ಬಿಸಿಲು ಚುಚ್ಚುತ್ತೆ, ಹತ್ರ ಓದೋಕೆ ಸ್ವಲ್ಪ ಕಷ್ಟ. ನೀವಾಗೇ ಇದ್ದಕ್ಕಿದ್ದ ಹಾಗೆ ನಿಲ್ಲಿಸ್ಬೇಡಿ, ನಂಬರ್ ಹಾರಬಹುದು. ಎರಡು, ನಡುವೆ ಸ್ಪಷ್ಟವಾಗಿ ಸುತ್ತಲೂ ನೂರಾರು ಸಣ್ಣ ಸಣ್ಣ ಲೆನ್ಸ್ ಇರೋ ಕನ್ನಡಕದ ಗ್ಲಾಸು, ಹಾಂಗ್‌ಕಾಂಗ್‌ನ ಎರಡು ವರ್ಷದ ಪ್ರಯೋಗದಲ್ಲಿ ಏರಿಕೆ ಸರಾಸರಿ ಅರ್ಧದಷ್ಟಾಯ್ತು, ಮಗು ಅದನ್ನ ದಿನವೆಲ್ಲಾ ಹಾಕಿದ್ರೆ ಮಾತ್ರ. ಮೂರು, ಕಾಂಟ್ಯಾಕ್ಟ್ ಲೆನ್ಸ್, ಹಗಲು ಹಾಕೋ ಮೆತ್ತನೇವು ಇವೆ, ರಾತ್ರಿ ಹಾಕ್ಕೊಂಡು ಮಲಗೋ ಗಟ್ಟಿಯವೂ ಇವೆ. ಕೆಲಸ ಮಾಡ್ತವೆ, ಆದ್ರೆ ಸೋಂಕಿನ ಭಯ ಇದೆ, ಕೈ ತೊಳೆಯದ ಮಗುಗೆ, ಲೆನ್ಸನ್ನ ನಲ್ಲಿ ನೀರಲ್ಲಿ ತೊಳೆಯೋ ಮನೆಗೆ ನಾನು ಬೇಡ ಅಂತೀನಿ.

ಯಾವುದು ಅನ್ನೋದನ್ನ ಮಗು ವಯಸ್ಸು, ಏರೋ ವೇಗ, ನಿಮ್ಮ ಖರ್ಚಿನ ತಾಕತ್ತು ನೋಡಿ ವೈದ್ಯರ ಜೊತೆ ಕೂತು ಆರಿಸ್ಕೊಳ್ಳಿ. ಸಾಧ್ಯ ಇದ್ರೆ ನಂಬರ್ ಜೊತೆ ಕಣ್ಣಿನ ಉದ್ದಾನೂ ಅಳೆದು ಬರೆಸ್ಕೊಳ್ಳಿ, ಅದು ಸುಳ್ಳು ಹೇಳಲ್ಲ.

ಕೆಂಪು ಬೆಳಕು ನೋಡಿಸೋ ಮಷಿನ್ ಬಂದಿದ್ಯಂತೆ, ಬೇಗ ಕಮ್ಮಿ ಆಗುತ್ತಂತೆ?

ಪ್ರಯೋಗಗಳಲ್ಲಿ ಏರಿಕೆ ತಡೆದಿದ್ದು ನಿಜ, ಆದ್ರೆ 2023ರಲ್ಲಿ ಚೀನಾದಲ್ಲಿ 12 ವರ್ಷದ ಹುಡುಗಿಗೆ ಇದ್ರಿಂದ ರೆಟಿನಾಗೆ ಏಟಾಗಿದ್ದು ವರದಿ ಆಯ್ತು, ಆಮೇಲೆ ಅಲ್ಲಿ ಇದನ್ನ ವೈದ್ಯಕೀಯ ಉಪಕರಣಗಳ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿಸಿದ್ರು. ನನ್ನ ಮಕ್ಕಳಿಗೆ ನಾನು ಕೊಡಿಸಲ್ಲ.

ಹದಿನೆಂಟು ದಾಟಿದ್ಮೇಲೆ ಲೇಸರ್ ಮಾಡಿಸಿದ್ರೆ ಎಲ್ಲಾ ಮುಗೀತಲ್ಲ, ಈಗ್ಯಾಕೆ ಇಷ್ಟು ತಲೆಬಿಸಿ?

ಲೇಸರ್ ಕಣ್ಣಿನ ಮುಂದಿನ ಗಾಜನ್ನ ತಿದ್ದುತ್ತೆ, ಉದ್ದ ಬೆಳೆದ ಗುಡ್ಡೆ ಹಾಗೇ ಇರುತ್ತೆ. ಮೈನಸ್ 6 ದಾಟಿದ ಕಣ್ಣಲ್ಲಿ ರೆಟಿನಾ ಎಳೆದು ತೆಳುವಾಗಿರುತ್ತೆ, ಅದು ಕಳಚೋದು, ಗ್ಲಾಕೋಮಾ (ಕಣ್ಣಿನ ನರ ನಿಧಾನಕ್ಕೆ ಹಾಳಾಗೋ ಕಾಯಿಲೆ), ನಡುವಿನ ದೃಷ್ಟಿ ಕೆಡೋದು ಇದ್ರ ಅಪಾಯ ಕನ್ನಡಕ ಬಿಟ್ಟ ಮೇಲೂ ಜೊತೆಗೇ ಬರುತ್ತೆ. 3ರಲ್ಲೇ ನಿಲ್ಲಿಸೋಕೂ 8ಕ್ಕೆ ಬಿಡೋಕೂ ಇರೋ ವ್ಯತ್ಯಾಸ ಇದೇ. ದೊಡ್ಡ ನಂಬರ್ ಇರೋ ಮಗುಗೆ ವರ್ಷಕ್ಕೊಂದ್ಸಲ ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗ ನೋಡಿಸಿ, ಲೇಸರ್ ಮಾಡಿಸ್ಕೊಂಡಿದ್ರೂ ನೋಡಿಸ್ತಿರಿ. ಮತ್ತೆ ಈ ಮೂರನ್ನ ಮಗುಗೇ ಕಲಿಸಿಕೊಡಿ, ಕಣ್ಣಲ್ಲಿ ಮಿಂಚು ಹೊಡೆದ ಹಾಗಾದ್ರೆ, ಕಪ್ಪು ಚುಕ್ಕೆಗಳು ಇದ್ದಕ್ಕಿದ್ದ ಹಾಗೆ ಮಳೆ ಥರ ಬಂದ್ರೆ, ಒಂದು ಕಡೆಯಿಂದ ಪರದೆ ಇಳಿದ ಹಾಗೆ ಕಂಡ್ರೆ ಬೆಳಗಾಗ್ಲಿ ಅಂತ ಕಾಯದೆ ಆವತ್ತೇ ಹೇಳ್ಬೇಕು, ನೀವು ಆವತ್ತೇ ಕರ್ಕೊಂಡು ಹೋಗ್ಬೇಕು.